ಸ್ಲೆಂಗ್ ಟೆಂಗ್ ರಿಡಿಮ್: ಪದೇ ಪದೇ ಕೇಳುವ ಪ್ರಶ್ನೆಗಳು

1985ರಲ್ಲಿ ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ಪುಟ್ಟದೊಂದು ಕ್ಯಾಸಿಯೊ ಕೀಬೋರ್ಡಿನ ಲಯದ ಮೇಲೆ ಹತ್ತೊಂಬತ್ತರ ಹುಡುಗನೊಬ್ಬನ ಹಾಡು ಹೊರಬಂತು. ಆ ಲಯವೇ ಸ್ಲೆಂಗ್ ಟೆಂಗ್. ಅದರ ಬೆನ್ನಿಗೇ ಅದೇ ಲಯದ ಮೇಲೆ ನೂರಾರು ಹಾಡುಗಳು ಬಂದವು. ಜಮೈಕಾದ ಸಂಗೀತದ ದಿಕ್ಕೇ ಬದಲಾಯಿತು. ಈ ಹಾಡುಗಳನ್ನು ಯಾರಿಗೆ ಕೇಳಿಸಿದರೂ ಅವರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನನಗೆ ಈ ಸಂಗೀತ ಅಂದ್ರೆ ಪ್ರಾಣ. ಹಾಗಾಗಿ ಕೆಲವು ಉತ್ತರ ಉದ್ದವಾಗಿವೆ.

ರಿಡಿಮ್ ಅಂದ್ರೆ ಏನು?

ಒಂದು ಹಾಡಿನಿಂದ ಗಾಯಕರ ದನಿಯನ್ನು ತೆಗೆದರೆ ಏನು ಉಳಿಯುತ್ತದೋ ಅದು. ಬೇಸ್, ಡ್ರಮ್, ನಡುನಡುವೆ ಒಂದಿಷ್ಟು ಪಿಯಾನೊ ಅಥವಾ ಗಿಟಾರ್. ಬೇರೆ ಕಡೆ ಇದನ್ನು ಹಿನ್ನೆಲೆ ಸಂಗೀತ ಅಂದು ಸುಮ್ಮನಾಗುತ್ತಾರೆ. ಜಮೈಕಾದಲ್ಲಿ ಅದಕ್ಕೆ ಸ್ವಂತ ಹೆಸರಿದೆ, ಸ್ವಂತ ಆಯುಷ್ಯ ಇದೆ.

ನಿರ್ಮಾಪಕರು ಮೊದಲು ರಿಡಿಮ್ ಮಾಡಿಟ್ಟುಕೊಳ್ಳುತ್ತಾರೆ. ಆಮೇಲೆ ಗಾಯಕರನ್ನು ಒಬ್ಬೊಬ್ಬರಾಗಿ ಸ್ಟುಡಿಯೋಗೆ ಕರೆಸಿ ಅದರ ಮೇಲೆ ಹಾಡಿಸುತ್ತಾರೆ. ಇದಕ್ಕೆ ಅಲ್ಲಿ ರಿಡಿಮ್ ‘ವಾಯ್ಸ್’ ಮಾಡುವುದು ಅನ್ನುತ್ತಾರೆ. ಮಾತು ಗಾಯಕರದು, ಟ್ಯೂನ್ ಕೂಡ ಗಾಯಕರದೇ. ಹೊಸಬರಿಗೆ ಗೊಂದಲ ಆಗುವುದು ಇಲ್ಲೇ. ಒಂದೇ ಹಾಡನ್ನು ಹತ್ತು ಜನ ಹಾಡುವುದಲ್ಲ ಇದು. ಒಂದೇ ನೆಲದ ಮೇಲೆ ಹತ್ತು ಜನ ಹತ್ತು ಬೇರೆ ಹಾಡು ಕಟ್ಟುವುದು.

ಹತ್ತು ಹಾಡಿಗೂ ಅದೇ ಮ್ಯೂಸಿಕ್ ಇದ್ರೆ ಬೇಜಾರಾಗಲ್ವಾ?

ಇಲ್ಲ. ನನಗಂತೂ ಕೇಳಿದಷ್ಟೂ ರುಚಿ ಜಾಸ್ತಿ ಆಗಿದೆ. ಲಯ ಬದಲಾಗದೇ ಇರುವುದರಿಂದ ಕಿವಿ ಪೂರ್ತಿ ದನಿಯ ಕಡೆ ಹೋಗುತ್ತದೆ. ಒಬ್ಬರು ತಾಳ ಬೀಳುವುದಕ್ಕೆ ಸ್ವಲ್ಪ ಮೊದಲೇ ಶುರು ಮಾಡುತ್ತಾರೆ, ಇನ್ನೊಬ್ಬರು ಬೇಕಂತಲೇ ತಡ ಮಾಡುತ್ತಾರೆ. ಒಬ್ಬರು ಸಾಲು ತುಂಬ ಮಾತು ತುರುಕುತ್ತಾರೆ, ಇನ್ನೊಬ್ಬರು ಮೂರೇ ಮಾತು ಹೇಳಿ ಬೇಸ್‌ಗೆ ಜಾಗ ಬಿಡುತ್ತಾರೆ. ಯಾರ ಕಸುಬು ಎಷ್ಟು ಗಟ್ಟಿ ಅಂತ ಇಲ್ಲಿ ಮುಚ್ಚಿಡುವುದಕ್ಕೆ ಆಗುವುದಿಲ್ಲ. ಸಂಗೀತ ಕೈಹಿಡಿದು ಕಾಪಾಡುವುದಿಲ್ಲ, ಎಲ್ಲರಿಗೂ ಸಿಕ್ಕಿದ್ದು ಅದೇ ಸಂಗೀತ ತಾನೇ.

ಈ ಪದ್ಧತಿ ಯಾವಾಗ ಶುರುವಾಯ್ತು?

1960ರ ದಶಕದ ಕೊನೆಯಲ್ಲಿ. ಸ್ಪ್ಯಾನಿಷ್ ಟೌನ್ ಎಂಬ ಊರಿನಲ್ಲಿ ರಡ್ಡಿ ರೆಡ್‌ವುಡ್ ಅನ್ನುವವರ ಸೌಂಡ್ ಸಿಸ್ಟಂ ಇತ್ತು. ದೊಡ್ಡ ದೊಡ್ಡ ಸ್ಪೀಕರ್‌ಗಳನ್ನು ಬಯಲಿನಲ್ಲಿ ಪೇರಿಸಿ, ರೆಕಾರ್ಡ್ ಹಾಕಿ, ಜನರನ್ನು ಕುಣಿಸುವ ತಂಡಕ್ಕೆ ಅಲ್ಲಿ ಸೌಂಡ್ ಸಿಸ್ಟಂ ಅನ್ನುತ್ತಾರೆ. ಒಂದು ಸಲ ಟ್ರೆಷರ್ ಐಲ್ ಸ್ಟುಡಿಯೋದ ಎಂಜಿನಿಯರ್ ಒಂದು ಹಾಡಿನ ಪ್ರತಿಯನ್ನು ದನಿ ಇಲ್ಲದೆ ಕೆತ್ತಿಕೊಟ್ಟರು. ರೆಡ್‌ವುಡ್ ಅದನ್ನು ಹಾಕಿದಾಗ ಜನರೇ ಹಾಡತೊಡಗಿದರು. ಅಲ್ಲಿಂದ ರೆಕಾರ್ಡಿನ ಹಿಂಬದಿಯಲ್ಲಿ ದನಿ ಇಲ್ಲದ ‘ವರ್ಷನ್’ ಒತ್ತುವುದು ರೂಢಿಯಾಯಿತು.

1970ರಲ್ಲಿ ಯು-ರಾಯ್ ಇಂಥ ಹಳೆಯ ಟ್ರೆಷರ್ ಐಲ್ ರಿಡಿಮ್‌ಗಳ ಮೇಲೆ ಮಾತಾಡುತ್ತಾ ಹಾಡಿದ ಮೂರು ರೆಕಾರ್ಡ್‌ಗಳು ಜಮೈಕಾದ ಪಟ್ಟಿಯ ಮೇಲ್ತುದಿಗೆ ಹೋದವು. 1974ರಲ್ಲಿ ನಿರ್ಮಾಪಕ ರೂಪಿ ಎಡ್ವರ್ಡ್ಸ್ ಇನ್ನೂ ಮುಂದೆ ಹೋಗಿ, ಒಂದೇ ರಿಡಿಮ್ ಮೇಲೆ ಇಡೀ ಎಲ್‌ಪಿ (ಹಲವು ಹಾಡುಗಳಿರುವ ದೊಡ್ಡ ರೆಕಾರ್ಡ್) ತಂದರು. ಸ್ಟುಡಿಯೋ ಒನ್‌ನಲ್ಲಿ 1967ರಲ್ಲಿ ಹುಟ್ಟಿದ ‘ರಿಯಲ್ ರಾಕ್’ ರಿಡಿಮ್‌ಗೆ ಇವತ್ತಿಗೂ ಹೊಸ ಹಾಡು ಬರುತ್ತಿವೆ.

ಅಂದರೆ ಸ್ಲೆಂಗ್ ಟೆಂಗ್ ಬರುವ ಹೊತ್ತಿಗೆ ರಿಡಿಮ್ ಹಂಚಿಕೊಳ್ಳುವುದು ಅಲ್ಲಿ ಹಳೆಯ ಮಾತು. ರಿಡಿಮ್ ಹುಟ್ಟಿದ ರೀತಿ ಮಾತ್ರ ಹೊಸದು.

ಸ್ಲೆಂಗ್ ಟೆಂಗ್ ಹುಟ್ಟಿದ್ದು ಹೇಗೆ?

ಕಿಂಗ್‌ಸ್ಟನ್‌ನ ಪಶ್ಚಿಮಕ್ಕೆ ವಾಟರ್‌ಹೌಸ್ ಎಂಬ ಬಡವರ ಬಡಾವಣೆ ಇದೆ. ಎಪ್ಪತ್ತರ ದಶಕದ ರಾಜಕೀಯ ಗುಂಪುಗಳ ಹೊಡೆದಾಟ, ಗುಂಡು, ಬೆಂಕಿ ಎಲ್ಲವನ್ನೂ ಕಂಡ ಜಾಗ ಅದು. ಹಾಗಾಗಿಯೇ ಜನ ಅದಕ್ಕೆ ಫೈರ್‌ಹೌಸ್ ಅಂತ ಇನ್ನೊಂದು ಹೆಸರಿಟ್ಟಿದ್ದರು. ಮೊದಲು ಹೇಳಿದ ಹತ್ತೊಂಬತ್ತರ ಗಾಯಕ ವೇಯ್ನ್ ಸ್ಮಿತ್ ಅಲ್ಲಿಯ ಹುಡುಗ, ಹುಟ್ಟಿದ್ದು 1965ರ ಡಿಸೆಂಬರ್‌ನಲ್ಲಿ. ಅವರ ಗೆಳೆಯ ನೋಯಲ್ ಡೇವಿ ಹತ್ತಿರ ಒಂದು ಕ್ಯಾಸಿಯೊ ಎಂಟಿ-40 ಕೀಬೋರ್ಡ್ ಇತ್ತು.

ಆ ಕೀಬೋರ್ಡ್ ಬಗ್ಗೆ ಸ್ವಲ್ಪ ಹೇಳಬೇಕು. 1981ರಲ್ಲಿ ಬಂದದ್ದು. ಮಕ್ಕಳ ಬೆರಳಿಗೆ ಸರಿಹೋಗುವ 37 ಚಿಕ್ಕ ಕೀಗಳು, ಎಡಗಡೆ ಬೇಸ್‌ಗೆ ಅಂತಲೇ ಬೇರೆ 15 ಕೀಗಳು. ಸ್ಟುಡಿಯೋದವರು ಗಂಭೀರವಾಗಿ ತೆಗೆದುಕೊಳ್ಳುವ ಸಾಮಾನೇ ಅಲ್ಲ. ಮನೆಯಲ್ಲಿ ಕೂತು ನುಡಿಸಿಕೊಳ್ಳುವವರಿಗೆ ಅಂತ ಮಾಡಿದ್ದು. ಅದರೊಳಗೆ ಕೆಲವು ಸಿದ್ಧ ತಾಳಗಳಿದ್ದವು. ಅದರಲ್ಲಿ ‘ರಾಕ್’ ಅನ್ನುವುದು ಒಂದು. ಆ ತಾಳ ಆರಿಸಿಕೊಂಡು ಒಂದು ಗುಂಡಿ ಮತ್ತು ಒಂದು ಬೇಸ್ ಕೀ ಒತ್ತಿದರೆ, ಡ್ರಮ್ ಜೊತೆಗೆ ಬೇಸ್ ತಾನಾಗಿಯೇ ಓಡತೊಡಗುತ್ತದೆ. ಒಂದೇ ಸ್ವರವನ್ನು ಗುದ್ದುತ್ತಾ ಗುದ್ದುತ್ತಾ ಹೋಗಿ, ಪಕ್ಕಕ್ಕೆ ಸರಿದು, ಮತ್ತೆ ಮನೆಗೆ ಬರುವ ಬೇಸ್.

ಸ್ಮಿತ್ ಮತ್ತು ಡೇವಿ ಆ ಕೀಬೋರ್ಡ್ ಮೇಲೆ ಆಡುತ್ತಾ ಇದನ್ನು ಕಂಡುಕೊಂಡರು. ಬ್ಯಾರಿಂಗ್ಟನ್ ಲೆವಿ ಮತ್ತು ಯೆಲ್ಲೊಮ್ಯಾನ್ ಅವರ ಎರಡು ಹಾಡು ಆಗ ಎಲ್ಲೆಡೆ ಓಡುತ್ತಿದ್ದವು. ಆ ಧಾಟಿ ಸ್ಮಿತ್ ತಲೆಯಲ್ಲಿತ್ತು. ಅದನ್ನೇ ಹಿಡಿದು ಈ ಲಯಕ್ಕೆ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಎಂಬ ಹಾಡು ಕಟ್ಟಿದರು. ಆಮೇಲೆ ಕೀಬೋರ್ಡ್ ಎತ್ತಿಕೊಂಡು ಜ್ಯಾಮಿ ಹತ್ತಿರ ಹೋದರು.

ಜ್ಯಾಮಿ ಯಾರು? ಅವರು ಮಾಡಿದ್ದೇನು?

ಲಾಯ್ಡ್ ಜೇಮ್ಸ್. ಆಗ ಪ್ರಿನ್ಸ್ ಜ್ಯಾಮಿ, ಈ ಹಾಡಿನ ನಂತರ ಕಿಂಗ್ ಜ್ಯಾಮಿ. ಡಬ್ ಸಂಗೀತದ (ಹಾಡಿನ ದನಿ ಕಳಚಿ, ಬೇಸ್ ಡ್ರಮ್‌ಗೆ ಪ್ರತಿಧ್ವನಿ ಸೇರಿಸಿ ಮತ್ತೆ ಜೋಡಿಸುವ ಕಲೆ) ಗುರು ಕಿಂಗ್ ಟಬ್ಬಿ ಬಳಿ ಕೆಲಸ ಕಲಿತವರು. ವಾಟರ್‌ಹೌಸ್‌ನ ಸೇಂಟ್ ಲೂಸಿಯಾ ರಸ್ತೆಯಲ್ಲಿ ಸ್ವಂತ ಸ್ಟುಡಿಯೋ, ಸ್ವಂತ ಸೌಂಡ್ ಸಿಸ್ಟಂ ಇಟ್ಟುಕೊಂಡಿದ್ದರು.

ಕೀಬೋರ್ಡಿನಲ್ಲಿ ಆ ಲಯ ತುಂಬ ವೇಗವಾಗಿ ಓಡುತ್ತಿತ್ತು. ಜ್ಯಾಮಿ ಅದನ್ನು ನಿಧಾನ ಮಾಡಿದರು. ಮೇಲೆ ಪಿಯಾನೊ ಹಾಕಿಸಿದರು, ಚಪ್ಪಾಳೆ ಸೇರಿಸಿದರು. ಕೇಳುವುದಕ್ಕೆ ಇಷ್ಟೇನಾ ಅನ್ನಿಸಬಹುದು. ಆದರೆ ನನ್ನ ಪ್ರಕಾರ ಇಡೀ ಕಥೆಯ ತಿರುವು ಆ ನಿಧಾನ ಮಾಡಿದ ಗಳಿಗೆ. ವೇಗವಾಗಿದ್ದಾಗ ಅದು ರಾಕ್ ಸಂಗೀತದ ನೆರಳು. ನಿಧಾನವಾದಾಗ ಸ್ವರ ಸ್ವರದ ನಡುವೆ ಜಾಗ ಹುಟ್ಟಿತು. ಆ ಜಾಗದಲ್ಲಿ ಸೊಂಟ ಆಡಿಸಬಹುದು, ಮಾತು ಕೂರಿಸಬಹುದು. ಇಲ್ಲದ ಸ್ವರವನ್ನು ಜ್ಯಾಮಿ ತಂದು ಹಾಕಲಿಲ್ಲ. ಇದ್ದ ಸ್ವರಕ್ಕೆ ಸರಿಯಾದ ನಡಿಗೆ ಕಲಿಸಿದರು. ನಿರ್ಮಾಪಕನ ಕಿವಿ ಅಂದರೆ ಇದೇ ಅಲ್ವಾ?

1985ರ ಫೆಬ್ರವರಿ 23ರ ಬಗ್ಗೆ ಎಲ್ಲರೂ ಮಾತಾಡ್ತಾರಲ್ಲ, ಅವತ್ತು ಏನಾಯ್ತು?

ಅವತ್ತು ಕಿಂಗ್‌ಸ್ಟನ್‌ನ ವಾಲ್ತಮ್ ಪಾರ್ಕ್ ರಸ್ತೆಯಲ್ಲಿ ಜ್ಯಾಮಿಯ ಸೌಂಡ್ ಮತ್ತು ಬ್ಲ್ಯಾಕ್ ಸ್ಕಾರ್ಪಿಯೊ ಸೌಂಡ್ ನಡುವೆ ಕ್ಲ್ಯಾಶ್ ಇತ್ತು. ಕ್ಲ್ಯಾಶ್ ಅಂದರೆ ಎರಡು ಸೌಂಡ್ ಸಿಸ್ಟಂಗಳು ಎದುರುಬದುರು ನಿಂತು ಸರದಿಯಂತೆ ಹಾಡು ಹಾಕಿ, ಯಾರ ಹಾಡಿಗೆ ಜನ ಜಾಸ್ತಿ ಕೂಗುತ್ತಾರೆ ಅನ್ನುವುದರ ಮೇಲೆ ಗೆಲ್ಲುವ ಪೈಪೋಟಿ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳು ಸವಾಲಿಗೆ ಜವಾಬು ಕೊಡುತ್ತಾ ರಾತ್ರಿಯಿಡೀ ಪದ ಹಾಡುವುದನ್ನು ನೋಡಿದವರಿಗೆ ಇದರ ಬಿಸಿ ತಕ್ಷಣ ಗೊತ್ತಾಗುತ್ತದೆ. ಅಲ್ಲಿ ಪದ ಕಟ್ಟುವ ಜಾಣತನ ಹೇಗೋ ಇಲ್ಲಿ ಬೇರೆಯವರ ಹತ್ತಿರ ಇಲ್ಲದ ರೆಕಾರ್ಡ್ ಹಾಗೆ. ಒಂದೇ ಒಂದು ಪ್ರತಿ ಮಾತ್ರ ಕೆತ್ತಿಸಿಟ್ಟುಕೊಂಡ ಹಾಡಿಗೆ ಡಬ್‌ಪ್ಲೇಟ್ ಅನ್ನುತ್ತಾರೆ. ಕ್ಲ್ಯಾಶ್ ಗೆಲ್ಲಿಸುವುದು ಅದೇ.

ಅವತ್ತು ಜ್ಯಾಮಿ ಸ್ಲೆಂಗ್ ಟೆಂಗ್ ಹೊರತೆಗೆದರು, ಗೆದ್ದರು. ಅಲ್ಲಿಯವರೆಗೆ ಯಾರೂ ಕೇಳಿರದ ಸದ್ದು ಅದು. ತಂತಿ ಮಿಡಿಯುವ ಬೆರಳಿಲ್ಲ, ಡ್ರಮ್ ಮೇಲೆ ಕೋಲಿಲ್ಲ. ಬರೀ ವಿದ್ಯುತ್ತಿನ ಗುಡುಗು. ಕೆಲವೇ ವಾರಗಳಲ್ಲಿ ಕಿಂಗ್‌ಸ್ಟನ್‌ನ ಪ್ರತಿ ನಿರ್ಮಾಪಕನಿಗೂ ಇಂಥದ್ದೇ ಒಂದು ಬೇಕಾಯಿತು.

ಕೀಬೋರ್ಡಿನೊಳಗೆ ಆ ಲಯ ಇಟ್ಟಿದ್ದು ಯಾರು?

ಹಿರೋಕೊ ಒಕುಡಾ ಎಂಬ ಜಪಾನಿನ ಹೆಣ್ಣುಮಗಳು. ಇದು ನನಗೆ ತುಂಬ ಇಷ್ಟವಾದ ಭಾಗ. ಅವರು ಕುನಿತಾಚಿ ಸಂಗೀತ ಕಾಲೇಜಿನಲ್ಲಿ ಓದಿ 1980ರಲ್ಲಿ ಕ್ಯಾಸಿಯೊ ಕಂಪನಿ ಸೇರಿದರು. ಸೇರಿದ ಹೊಸದರಲ್ಲೇ ಎಂಟಿ-40ರ ಸಿದ್ಧ ತಾಳಗಳನ್ನು ಬರೆಯುವ ಕೆಲಸ ಅವರ ಪಾಲಿಗೆ ಬಂತು. ಅವರು ಕಾಲೇಜಿನಲ್ಲಿ ಪ್ರಬಂಧ ಬರೆದಿದ್ದು ಯಾವುದರ ಮೇಲೆ ಗೊತ್ತಾ? ಜಮೈಕಾದ ಸಂಗೀತವಾದ ರೆಗ್ಗೆ ಮೇಲೆ!

ಅವರು ಬರೆದದ್ದು ರಾಕ್ ತಾಳ. ಜಮೈಕಾಗೆ ಅಂತ ಬರೆದದ್ದಲ್ಲ. ಆದರೆ ರೆಗ್ಗೆಯನ್ನು ಅಷ್ಟು ಆಳವಾಗಿ ಕೇಳಿದ ಕಿವಿಯಿಂದ ಬಂದ ಬೇಸ್ ಅದು. ರಾಕ್ ಅಂತ ಹೆಸರು ಹಾಕಿದ್ದರೂ ಅದರ ಹೊಟ್ಟೆಯಲ್ಲಿ ರೆಗ್ಗೆ ಇತ್ತು ಅಂತಲೇ ನನ್ನ ನಂಬಿಕೆ. ಟೋಕಿಯೊದ ಆಫೀಸಿನಿಂದ ಹೊರಟ ಆ ಕೆಲವು ಸ್ವರ ವಾಟರ್‌ಹೌಸ್ ತಲುಪಿದ್ದನ್ನು ಬರೀ ಆಕಸ್ಮಿಕ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಸರಿ, ಯಾರು ಯಾರು ಈ ರಿಡಿಮ್ ಮೇಲೆ ಹಾಡಿದ್ದಾರೆ?

ಪೂರ್ತಿ ಪಟ್ಟಿ ಕೊಡುವುದಕ್ಕೆ ಹೋಗುವುದಿಲ್ಲ. ನೂರಾರಿವೆ, ಅರ್ಧಕ್ಕರ್ಧ ಸುಮ್ನೆ ಅವಸರದಲ್ಲಿ ಮಾಡಿದವು. ಮನಸ್ಸಿಟ್ಟು ಕೇಳಲೇಬೇಕಾದವರ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲು ವೇಯ್ನ್ ಸ್ಮಿತ್. ಅವರದು ಭಾರದ ಗಂಟಲಲ್ಲ, ಹಗುರವಾದ ಹುಡುಗನ ದನಿ. ಆ ದಪ್ಪ ಬೇಸ್ ಮೇಲೆ ಅದು ತೇಲುತ್ತದೆ. ಅವರ ಹಾಡಿನ ಪಲ್ಲವಿ ಎಷ್ಟು ಸರಳ ಅಂದರೆ ಎರಡನೇ ಸಲ ಬರುವಾಗ ನೀವೂ ಹಾಡುತ್ತಿರುತ್ತೀರಿ. ಅವರು 2014ರ ಫೆಬ್ರವರಿಯಲ್ಲಿ, 48ನೇ ವಯಸ್ಸಿನಲ್ಲಿ ಕಿಂಗ್‌ಸ್ಟನ್‌ನಲ್ಲಿ ತೀರಿಕೊಂಡರು.

ಆಮೇಲೆ ಟೆನರ್ ಸಾ. ನನ್ನನ್ನು ಕೇಳಿದರೆ ಈ ರಿಡಿಮ್ ಮೇಲಿನ ಅತ್ಯುತ್ತಮ ಹಾಡು ಅವರ ‘ಪಂಪ್ಕಿನ್ ಬೆಲ್ಲಿ’. ನಿಜವಾದ ಹೆಸರು ಕ್ಲೈವ್ ಬ್ರೈಟ್, ಹುಟ್ಟಿದ್ದು 1966ರಲ್ಲಿ. ಶುಗರ್ ಮಿನಾಟ್ ನಡೆಸುತ್ತಿದ್ದ ಯೂತ್ ಪ್ರಮೋಷನ್ ಗುಂಪಿನಲ್ಲಿ ಬೆಳೆದ ಹುಡುಗ. ಅವರ ದನಿಯಲ್ಲಿ ಒಂದು ಅಳು ಇದೆ. ಸ್ವರದ ಮೇಲೆ ನೇರವಾಗಿ ಕೂರುವುದಿಲ್ಲ, ಅದರ ಅಂಚಿನಲ್ಲಿ ಎಳೆದುಕೊಂಡು ನಿಲ್ಲುತ್ತದೆ. ಬೇರೆಯವರು ಸ್ಲೆಂಗ್ ಟೆಂಗ್ ಮೇಲೆ ಕುಣಿದರೆ ಟೆನರ್ ಸಾ ಅದರ ಮೇಲೆ ಪ್ರಾರ್ಥನೆ ಮಾಡಿದ ಹಾಗಿದೆ. ಹಾಡಿನ ಹೂರಣ ಹಳೆಯ ಜಮೈಕಾದ ಒಗಟು, ಗಾದೆ. ಕುಂಬಳಕಾಯಿ ಹೊಟ್ಟೆಯೊಳಕ್ಕೆ ನೀರು ಹೇಗೆ ನಡೆದುಕೊಂಡು ಹೋಯಿತು ಅನ್ನುವುದು ಅಲ್ಲಿಯ ಹಳ್ಳಿಯ ಪ್ರಶ್ನೆ. ಕಿಂಗ್‌ಸ್ಟನ್ ಹೊಸ ಯಂತ್ರದ ಸದ್ದಿಗೆ ಬೆರಗಾಗಿ ನಿಂತಿದ್ದಾಗ ಈ ಹುಡುಗ ಅದರ ಮೇಲೆ ಅಜ್ಜಿ ಕಾಲದ ಮಾತು ತಂದು ಕೂರಿಸಿದ. ಅದೇ ವರ್ಷ ‘ಸ್ಟ್ಯಾಲಗ್’ ಎಂಬ 1973ರ ರಿಡಿಮ್ ಮೇಲೆ ‘ರಿಂಗ್ ದಿ ಅಲಾರ್ಮ್’ ಹಾಡಿ ಇನ್ನೂ ದೊಡ್ಡ ಹೆಸರು ಮಾಡಿದ. 1988ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ತೀರಿಕೊಂಡಾಗ ವಯಸ್ಸು ಬರೀ ಇಪ್ಪತ್ತೆರಡರ ಆಸುಪಾಸು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಜಾನಿ ಆಸ್‌ಬೋರ್ನ್ ಬೇರೆ ತಲೆಮಾರಿನವರು. 1948ರಲ್ಲಿ ಹುಟ್ಟಿ, ಸ್ಟುಡಿಯೋ ಒನ್‌ನಲ್ಲಿ ‘ಟ್ರೂತ್ಸ್ ಅಂಡ್ ರೈಟ್ಸ್’ ಎಂಬ ಗಂಭೀರ ರೂಟ್ಸ್ (ಬದುಕು, ನಂಬಿಕೆ, ನ್ಯಾಯದ ಬಗ್ಗೆ ಹಾಡುವ ರೆಗ್ಗೆ) ಆಲ್ಬಂ ಕೊಟ್ಟವರು. ಇಂಥ ಹಿರಿಯರು ಕೀಬೋರ್ಡ್ ಸದ್ದು ಕೇಳಿ ಮೂಗು ಮುರಿಯಬಹುದಿತ್ತು. ಮುರಿಯಲಿಲ್ಲ. ‘ಬಡ್ಡಿ ಬೈ’ ಹಾಡಿದರು. ಅದು ಕ್ಲ್ಯಾಶ್‌ಗೆ ಹೇಳಿ ಮಾಡಿಸಿದ ಹಾಡು, ಎದುರಾಳಿ ಸೌಂಡ್‌ಗೆ ಕೈಬೀಸಿ ಕಳಿಸಿಕೊಡುವ ಹಾಡು. ದಶಕಗಳ ಅನುಭವ ಇರುವ ಗಾಯಕ ಒಂದು ಸರಳ ಲಯವನ್ನು ಹೇಗೆ ಆಳುತ್ತಾನೆ ಅಂತ ನೋಡಬೇಕಿದ್ದರೆ ಇದನ್ನು ಕೇಳಿ. ಪ್ರತಿ ಸಾಲನ್ನೂ ಎಲ್ಲಿ ಬಿಡಬೇಕು ಅಂತ ಅವರಿಗೆ ಗೊತ್ತು.

ಜಾನ್ ವೇಯ್ನ್ ಎಂಬ ಡೀಜೆಯ ‘ಕಾಲ್ ದಿ ಪೊಲೀಸ್’ ಕೂಡ ಆ ಕಾಲದ ಹಿಟ್. ಶುಗರ್ ಮಿನಾಟ್ ಹೆಸರು ಮೇಲೆ ಬಂತು. ಹಳೆಯ ಸ್ಟುಡಿಯೋ ಒನ್ ರಿಡಿಮ್‌ಗಳ ಮೇಲೆ ಹೊಸ ಹಾಡು ಕಟ್ಟುವ ಕಲೆಯನ್ನು ಎಪ್ಪತ್ತರ ದಶಕದ ಕೊನೆಯಲ್ಲೇ ಗಟ್ಟಿ ಮಾಡಿದವರು ಅವರು. ಸ್ಲೆಂಗ್ ಟೆಂಗ್ ಮೇಲೆ ಹಾಡಿದ ಹುಡುಗರೆಲ್ಲ ಒಂದಲ್ಲ ಒಂದು ರೀತಿ ಅವರ ದಾರಿಯಲ್ಲಿ ನಡೆದವರೇ.

ಜ್ಯಾಮಿ 1985ರಲ್ಲೇ ಈ ಹಾಡುಗಳನ್ನು ಒಟ್ಟು ಮಾಡಿ ‘ಸ್ಲೆಂಗ್ ಟೆಂಗ್ ಎಕ್ಸ್‌ಟ್ರಾವಗಾಂಜಾ’ ಎಂಬ ಎಲ್‌ಪಿ ತಂದರು.

ಡೀಜೆ ಅಂದ್ರೆ ರೆಕಾರ್ಡ್ ಹಾಕುವವರು ತಾನೇ?

ಜಮೈಕಾದಲ್ಲಿ ಅಲ್ಲ. ಅಲ್ಲಿ ಮೈಕ್ ಹಿಡಿದು ಲಯಬದ್ಧವಾಗಿ ಮಾತಾಡುವವರು ಡೀಜೆ. ರೆಕಾರ್ಡ್ ಹಾಕುವವರು ಸೆಲೆಕ್ಟರ್. ರಾಗ ಎಳೆದು ಹಾಡುವವರು ಸಿಂಗರ್.

ಮೂಲ ಹಾಡು ಗಾಂಜಾ ಬಗ್ಗೆ ಅಂತಾರಲ್ಲ?

ಹೌದು. ಗಾಂಜಾವನ್ನು ಹೊಗಳಿ, ಕೊಕೇನ್ ಬೇಡ, ಅದು ಹುಚ್ಚು ಹಿಡಿಸುತ್ತದೆ ಅನ್ನುವ ಹಾಡು. ಎಂಬತ್ತರ ದಶಕದಲ್ಲಿ ಕೊಕೇನ್ ಕಿಂಗ್‌ಸ್ಟನ್‌ನ ಬೀದಿಗಳಿಗೆ ನುಗ್ಗುತ್ತಿತ್ತು, ಹುಡುಗರು ಅದಕ್ಕೆ ಬಲಿಯಾಗುತ್ತಿದ್ದರು. ಆ ಹಿನ್ನೆಲೆ ಗೊತ್ತಿಲ್ಲದೆ ಕೇಳಿದರೆ ಹಾಡಿನ ಅರ್ಧ ಮಾತು ಬಿಟ್ಟುಹೋಗುತ್ತದೆ.

ಇದು ಪ್ರಪಂಚದ ಮೊದಲ ಡಿಜಿಟಲ್ ರೆಗ್ಗೆ ಹಾಡಾ?

ಡ್ರಮ್ ಮೆಷಿನ್ ಇದಕ್ಕೆ ಮೊದಲೇ ಜಮೈಕಾಗೆ ಬಂದಿತ್ತು. ಸ್ಲೈ ಡನ್‌ಬಾರ್ ಥರದ ಘಟಾನುಘಟಿ ಡ್ರಮ್ಮರ್‌ಗಳೇ ಅದನ್ನು ಬಳಸುತ್ತಿದ್ದರು. ಆದರೆ ಅವುಗಳ ಜೊತೆಗೆ ಸಾಮಾನ್ಯವಾಗಿ ನಿಜವಾದ ಬೇಸ್ ಗಿಟಾರ್ ಇರುತ್ತಿತ್ತು. ಡ್ರಮ್ಮರ್ ಬೇಡ, ಬೇಸ್ ವಾದಕ ಬೇಡ, ಎರಡೂ ಕೀಬೋರ್ಡಿನಿಂದಲೇ ಬಂದು, ಅದು ಇಡೀ ದ್ವೀಪವನ್ನು ಹಿಡಿದು ಅಲ್ಲಾಡಿಸಿದ್ದು ಸ್ಲೆಂಗ್ ಟೆಂಗ್‌ನಿಂದ. ಮೊದಲನೆಯದು ಅನ್ನುವುದಕ್ಕಿಂತ ಬಾಗಿಲು ಒಡೆದದ್ದು ಅನ್ನುವುದು ಸರಿ.

ಹಾಗಾದ್ರೆ ವಾದ್ಯಗಾರರಿಗೆ ಹೊಡೆತ ಬಿತ್ತಾ?

ಬಿತ್ತು. ಆವರೆಗೆ ಒಂದು ರಿಡಿಮ್ ಮಾಡಬೇಕಿದ್ದರೆ ರೂಟ್ಸ್ ರ್‍ಯಾಡಿಕ್ಸ್ ಥರದ ತಂಡವನ್ನು ಕರೆಸಿ, ದೊಡ್ಡ ಸ್ಟುಡಿಯೋ ಬಾಡಿಗೆಗೆ ಹಿಡಿದು, ಎಲ್ಲರಿಗೂ ದುಡ್ಡು ಕೊಡಬೇಕಿತ್ತು. ಕೀಬೋರ್ಡ್ ಬಂದಮೇಲೆ ಒಬ್ಬಿಬ್ಬರು ಸಾಕಾದರು. ಒಳ್ಳೊಳ್ಳೆ ಬೇಸ್ ವಾದಕರ, ತುತ್ತೂರಿ ಊದುವವರ ಕೆಲಸ ಕಡಿಮೆಯಾಯಿತು. ಇದನ್ನು ಮರೆತು ಬರೀ ಸಂಭ್ರಮ ಪಡುವುದು ನ್ಯಾಯ ಅಲ್ಲ.

ಇನ್ನೊಂದು ಕಡೆ, ದುಡ್ಡಿಲ್ಲದ ಹುಡುಗರಿಗೆ ದಾರಿ ತೆರೆಯಿತು. ಕೀಬೋರ್ಡಿನ ವೈಕ್ಲಿಫ್ ಜಾನ್ಸನ್, ಡ್ರಮ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ ಇಬ್ಬರೂ ಸೇರಿ ‘ಸ್ಟೀಲಿ ಅಂಡ್ ಕ್ಲೀವಿ’ ಎಂಬ ಜೋಡಿಯಾಗಿ ಜ್ಯಾಮಿ ಬಳಿ ರಿಡಿಮ್ ಮೇಲೆ ರಿಡಿಮ್ ಕಟ್ಟಿದರು. ಎಂಬತ್ತರ ದಶಕದ ಕೊನೆಯಲ್ಲಿ ಡ್ಯಾನ್ಸ್‌ಹಾಲ್ (ರೆಗ್ಗೆಯಿಂದ ಹುಟ್ಟಿದ, ಕುಣಿತದ ಜಮೈಕಾ ಸಂಗೀತ) ಹೇಗೆ ಕೇಳಿಸಬೇಕು ಅಂತ ತೀರ್ಮಾನಿಸಿದ್ದು ಹೆಚ್ಚಾಗಿ ಇವರೇ. ಜ್ಯಾಮಿಯ ಎಂಜಿನಿಯರ್ ಆಗಿದ್ದ ಬಾಬಿ ಡಿಕ್ಸನ್‌ಗೆ ‘ಬಾಬಿ ಡಿಜಿಟಲ್’ ಅಂತಲೇ ಹೆಸರು ಬಂತು. ಅವರು ಸ್ವಂತ ಲೇಬಲ್ ಕಟ್ಟಿ ಶಾಬಾ ರ್‍ಯಾಂಕ್ಸ್ ಥರದವರ ಹಾಡು ಮಾಡಿದರು.

ಗುರು ಕಿಂಗ್ ಟಬ್ಬಿ ಕೂಡ ಸುಮ್ಮನೆ ಕೂರಲಿಲ್ಲ. ಶಿಷ್ಯನ ಹಾಡಿಗೆ ಅದೇ 1985ರಲ್ಲಿ ಉತ್ತರ ಕೊಟ್ಟರು. ಆಂಥೊನಿ ರೆಡ್ ರೋಸ್ ಹಾಡಿದ ‘ಟೆಂಪೊ’. ಅದೂ ಯಂತ್ರದ್ದೇ ಸದ್ದು, ಆದರೆ ಇನ್ನೂ ಕತ್ತಲು, ಇನ್ನೂ ನಿಧಾನ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಒಂದೇ ಬಡಾವಣೆಯ ಇಬ್ಬರು, ಒಂದೇ ವರ್ಷ, ಒಂದೇ ಹೊಸ ಉಪಕರಣವನ್ನು ಎಷ್ಟು ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡಿದ್ದಾರೆ ಅಂತ ತಿಳಿಯುತ್ತದೆ.

ರಿಡಿಮ್ ಯಾರ ಆಸ್ತಿ? ದುಡ್ಡು ಯಾರಿಗೆ?

ಗೋಜಲಿನ ವಿಷಯ. ಜಮೈಕಾದಲ್ಲಿ 1993ರವರೆಗೆ ಬ್ರಿಟಿಷರ ಕಾಲದ ಹಳೆಯ ಕಾಪಿರೈಟ್ ಕಾನೂನೇ ಇತ್ತು. ಯಾರ ರಿಡಿಮ್ ಯಾರು ಬೇಕಾದರೂ ಮತ್ತೆ ನುಡಿಸಿ ಬಳಸುತ್ತಿದ್ದರು, ಕೇಳುವವರಿರಲಿಲ್ಲ. ಈ ಸಡಿಲತನದಿಂದ ಸಂಗೀತ ಬೆಳೆಯಿತು ಅನ್ನುವುದು ನಿಜ. ಅದನ್ನು ಕಟ್ಟಿದವರ ಕೈ ಬರಿದಾಯಿತು ಅನ್ನುವುದೂ ಅಷ್ಟೇ ನಿಜ. ಕೀಬೋರ್ಡ್ ತಂದ ನೋಯಲ್ ಡೇವಿ ಹೆಸರನ್ನು ಬಹಳ ವರ್ಷ ಹೆಚ್ಚಿನವರು ಕೇಳಿಯೇ ಇರಲಿಲ್ಲ. ಇದು ಸರಿಯಲ್ಲ ಅಂತ ನಾನು ಯಾವತ್ತೂ ಹೇಳುತ್ತೇನೆ. ಸ್ಲೆಂಗ್ ಟೆಂಗ್ ಬಗ್ಗೆ ಮಾತಾಡುವಾಗ ಸ್ಮಿತ್, ಡೇವಿ, ಒಕುಡಾ, ಜ್ಯಾಮಿ ನಾಲ್ಕೂ ಹೆಸರು ಬರಬೇಕು.

ಈಗ ಗಾಳಿ ಬದಲಾಗುತ್ತಿದೆ. ಸ್ಟೀಲಿ ಅಂಡ್ ಕ್ಲೀವಿ 1989ರಲ್ಲಿ ಮಾಡಿದ ‘ಫಿಶ್ ಮಾರ್ಕೆಟ್’ ರಿಡಿಮ್‌ನ ತಾಳವೇ ಲ್ಯಾಟಿನ್ ಅಮೆರಿಕದವರು ಸ್ಪ್ಯಾನಿಷ್‌ನಲ್ಲಿ ಹಾಡುವ ರೆಗ್ಗೆಟೋನ್ ಸಂಗೀತದ ಬುನಾದಿ ಅಂತ ಹೇಳಿ, 2021ರಲ್ಲಿ ಅಮೆರಿಕದ ಕೋರ್ಟಿನಲ್ಲಿ ದಾವೆ ಹೂಡಲಾಯಿತು. ಅದರಲ್ಲಿ ನೂರಕ್ಕೂ ಜಾಸ್ತಿ ಕಲಾವಿದರ ಹೆಸರು ಸೇರಿದೆ.

ಜಮೈಕಾದಿಂದ ಹೊರಗೆ ಇದರ ಸದ್ದು ಕೇಳಿದೆಯಾ?

ಕೇಳಿದೆ. ಇಂಗ್ಲೆಂಡಿನ ರೇವ್ (ರಾತ್ರಿಯಿಡೀ ಕುಣಿಯುವ ಪಾರ್ಟಿಗಳ ಎಲೆಕ್ಟ್ರಾನಿಕ್ ಸಂಗೀತ) ತಂಡ ಎಸ್‌ಎಲ್2 ತಮ್ಮ ‘ವೇ ಇನ್ ಮೈ ಬ್ರೇನ್’ನಲ್ಲಿ ವೇಯ್ನ್ ಸ್ಮಿತ್ ಹಾಡನ್ನೇ ಬಳಸಿತು. ಕ್ಯಾಲಿಫೋರ್ನಿಯಾದ ಸಬ್ಲೈಮ್ ಬ್ಯಾಂಡ್ 1996ರ ಆಲ್ಬಂನ ‘ಕರೆಸ್ ಮಿ ಡೌನ್’ ಹಾಡನ್ನು ಇದೇ ರಿಡಿಮ್ ಮೇಲೆ ಕಟ್ಟಿತು.

ಡ್ಯಾನ್ಸ್‌ಹಾಲ್‌ಗೂ ಭಾರತಕ್ಕೂ ಏನಾದ್ರೂ ನಂಟು ಇದೆಯಾ?

ಸ್ಲೆಂಗ್ ಟೆಂಗ್‌ಗೆ ನೇರ ನಂಟಿಲ್ಲ. ಡ್ಯಾನ್ಸ್‌ಹಾಲ್‌ಗೆ ಇದೆ. 1845ರಿಂದ 1917ರ ನಡುವೆ ಸುಮಾರು 36 ಸಾವಿರ ಭಾರತೀಯರನ್ನು ಕಬ್ಬಿನ ತೋಟದ ಕರಾರು ಕೂಲಿಗೆ ಅಂತ ಜಮೈಕಾಗೆ ಸಾಗಿಸಲಾಯಿತು. ಗಾಂಜಾ ಅನ್ನುವ ಮಾತು ಅಲ್ಲಿಗೆ ಹೋದದ್ದು ಅವರ ಜೊತೆಗೇ. ಎಂಬತ್ತರ ದಶಕದ ದೊಡ್ಡ ಡೀಜೆ ಸೂಪರ್ ಕ್ಯಾಟ್ ಅವರ ನಿಜ ಹೆಸರು ವಿಲಿಯಂ ಮರಾಘ್, ಭಾರತೀಯ ಮೂಲದವರು. ಬರ್ಮಿಂಗ್‌ಹ್ಯಾಂನ ಪಂಜಾಬಿ ಕುಟುಂಬದಲ್ಲಿ ಹುಟ್ಟಿದ ಅಪಾಚೆ ಇಂಡಿಯನ್ ತಮ್ಮ ಹೆಸರಿನ ‘ಅಪಾಚೆ’ಯನ್ನು ತೆಗೆದುಕೊಂಡದ್ದು ಸೂಪರ್ ಕ್ಯಾಟ್‌ರಿಂದಲೇ. ಇದೇ ಅಪಾಚೆ ಇಂಡಿಯನ್ 1996ರಲ್ಲಿ ಎ.ಆರ್. ರೆಹಮಾನ್ ಸಂಗೀತದ ‘ಲವ್ ಬರ್ಡ್ಸ್’ ಎಂಬ ತಮಿಳು ಸಿನಿಮಾದಲ್ಲಿ ಹಾಡಿದರು. ಅದರ ನಾಯಕ ನಮ್ಮ ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ.

‘ದಿವಾಲಿ’ ಅನ್ನುವ ಹೆಸರಿನ ರಿಡಿಮ್ ಕೂಡ ಇದೆ. 2002ರಲ್ಲಿ ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್ ಮಾಡಿದ್ದು, ಚಪ್ಪಾಳೆಯೇ ಅದರ ಜೀವಾಳ. ಅದರ ಮೇಲೆ ಶಾನ್ ಪಾಲ್ ಹಾಡಿದ ‘ಗೆಟ್ ಬ್ಯುಸಿ’ 2003ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅದೇ ರಿಡಿಮ್ ಮೇಲೆ ವೇಯ್ನ್ ವಂಡರ್ ಹಾಡಿದ ‘ನೋ ಲೆಟಿಂಗ್ ಗೋ’, ಲುಮಿಡಿ ಹಾಡಿದ ‘ನೆವರ್ ಲೀವ್ ಯು’ ಕೂಡ ಅದೇ ವರ್ಷ ದೊಡ್ಡ ಹಿಟ್. ನಮ್ಮ ಬೆಂಗಳೂರಿನ ಎಫ್‌ಎಂಗಳಲ್ಲಿ, ಕಾಲೇಜ್ ಫೆಸ್ಟ್‌ಗಳಲ್ಲಿ ಶಾನ್ ಪಾಲ್ ಕೇಳಿ ಬೆಳೆದವರು ಮೂರನ್ನೂ ಒಂದಾದ ಮೇಲೊಂದು ಹಾಕಿ ನೋಡಿ. ರಿಡಿಮ್ ಅಂದರೇನು ಅಂತ ಆಮೇಲೆ ಯಾರೂ ವಿವರಿಸಬೇಕಾಗಿಲ್ಲ.

ಅವರ ಇಂಗ್ಲಿಷ್ ಒಂದಕ್ಷರ ಅರ್ಥ ಆಗಲ್ಲ. ಏನು ಮಾಡೋದು?

ಅದು ಪಾಟ್ವಾ, ಅದರದೇ ವ್ಯಾಕರಣ ಇರುವ ಬೇರೆಯೇ ಭಾಷೆ. ಹಾಗಾಗಿ ಅರ್ಥ ಆಗದಿದ್ದರೆ ತಪ್ಪು ನಿಮ್ಮದಲ್ಲ. ಮೊದಮೊದಲು ದನಿಯನ್ನು ಒಂದು ವಾದ್ಯದ ಥರ ಕೇಳಿ. ನಾಲ್ಕಾರು ಹಾಡಾದ ಮೇಲೆ ಪದಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಎಲ್ಲಿಂದ ಕೇಳೋಕೆ ಶುರು ಮಾಡ್ಲಿ?

ಮೊದಲು ವೇಯ್ನ್ ಸ್ಮಿತ್. ಅದನ್ನು ಎರಡು ಸಲ ಕೇಳಿ, ಎರಡನೇ ಸಲ ಬರೀ ಬೇಸ್ ಕಡೆ ಗಮನ ಇಡಿ. ಆಮೇಲೆ ‘ಬಡ್ಡಿ ಬೈ’, ಅದರ ಬೆನ್ನಿಗೇ ‘ಪಂಪ್ಕಿನ್ ಬೆಲ್ಲಿ’. ಈ ಎರಡರ ನಡುವೆ ಗ್ಯಾಪ್ ಕೊಡಬೇಡಿ. ಒಬ್ಬರು ಗೆದ್ದವರ ಥರ ಹಾಡುತ್ತಾರೆ, ಇನ್ನೊಬ್ಬರು ನೊಂದವರ ಥರ. ಕೆಳಗೆ ಓಡುತ್ತಿರುವ ಲಯ ಒಂದೇ. ಸಾಧ್ಯವಾದರೆ ಫೋನ್ ಸ್ಪೀಕರ್‌ನಲ್ಲಿ ಕೇಳಲೇಬೇಡಿ, ಆ ಬೇಸ್ ಅದರಲ್ಲಿ ಬರುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಇರಲಿ, ಇಲ್ಲವೇ ಅಕ್ಕಪಕ್ಕದವರು ಒಪ್ಪಿದರೆ ದೊಡ್ಡ ಸ್ಪೀಕರ್.

ನನ್ನ ಹತ್ರ ಹಳೇ ಕ್ಯಾಸಿಯೊ ಇದೆ. ಅದರಲ್ಲಿ ಈ ಲಯ ಬರುತ್ತಾ?

ಎಂಟಿ-40 ಆಗಿದ್ದರೆ ಬರುತ್ತದೆ. ತಾಳದ ಸ್ಲೈಡರನ್ನು ‘ರಾಕ್’ಗೆ ತಳ್ಳಿ. ‘ಸಿಂಕ್ರೊ’ ಗುಂಡಿ ಒತ್ತಿ. ಆಮೇಲೆ ಎಡಗಡೆಯ ಬೇಸ್ ಕೀಗಳಲ್ಲಿ ‘ಡಿ’ ಒತ್ತಿ. ಶುರುವಾಗುತ್ತದೆ, ಆದರೆ ಜೋರಾಗಿ ಓಡುತ್ತದೆ. ಟೆಂಪೊ ಇಳಿಸುತ್ತಾ ಬನ್ನಿ, ಜ್ಯಾಮಿ ಮಾಡಿದ ಹಾಗೆ. ಒಂದು ಹಂತದಲ್ಲಿ ತಲೆ ತಾನಾಗಿಯೇ ತೂಗತೊಡಗುತ್ತದೆ, ಅಲ್ಲಿ ನಿಲ್ಲಿಸಿ. ಎಂಟಿ-40 ಇಲ್ಲದವರು ಕ್ಯಾಸಿಯೊದ ಎಸ್‌ಎ-46 ಅಥವಾ ಎಸ್‌ಎ-76 ಹುಡುಕಬಹುದು. ಮಕ್ಕಳಿಗೆ ಅಂತ ಮಾರುವ ಆ ಕೀಬೋರ್ಡ್‌ಗಳ ತಾಳದ ಪಟ್ಟಿಯಲ್ಲಿ ‘ಎಂಟಿ40 ರಿಡಿಮ್’ ಅಂತಲೇ ಹೆಸರಿಟ್ಟು ಕಂಪನಿ ಇದನ್ನು ಸೇರಿಸಿದೆ.